ಸವತಿಯ ರಜಾಯಿ

ನನ್ನ ಸವತಿ ಸತ್ತ ಎಷ್ಟೋ ವರ್ಷಗಳ ಮೇಲೆ ನಾನು ಈ ಮನೆಗೆ ಬಂದೆ. ಅವಳ ಬಟ್ಟೆಬರೆಯನ್ನು ನಾದಿನಿ ಒಯ್ದಿದ್ದಳು, ಫೋಟೋ ಅಟ್ಟ ಸೇರಿತ್ತು. ಉಳಿದದ್ದು ಒಂದು ಬೂದು ಬಣ್ಣದ ರಜಾಯಿ. ಒಳಗೆ ಹತ್ತಿ ಕಿಕ್ಕಿರಿದ ಹಳೇ ಸಾಮಾನು. ನನ್ನ ಗಂಡ ಅದನ್ನು ಕತ್ತಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚುವುದನ್ನು ನೋಡಿದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು.

ನಾನು ಬೇರೆ ಕಂಬಳಿ ಹೊದ್ದು ಮಂಚದ ಆಚೆ ಅಂಚಿಗೆ ಮಲಗುತ್ತಿದ್ದೆ. ರಜಾಯಿಯ ತುದಿ ತಾಗಿದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅದರ ಬಗ್ಗೆ ಒಂದು ಮಾತು ಕೇಳಿದವಳಲ್ಲ. ಕೇಳಿದರೆ ಅವಳ ಸುದ್ದಿ ಬರುತ್ತದೆ, ಇವರ ಮುಖ ಮೆತ್ತಗಾಗುತ್ತದೆ. ಅದನ್ನು ಕುಳಿತು ನೋಡುವ ಕರ್ಮ ನನಗೇಕೆ? ಆ ರಜಾಯಿ ಮಂಚದಿಂದ ಇಳಿಯುವವರೆಗೆ ನಾನು ಈ ಮನೆಯ ಹೆಂಡತಿಯಲ್ಲ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ.

ನಾನು ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಯಾರ್ಯಾರದೋ ಹೊದಿಕೆಗಳೆಲ್ಲ ನನ್ನ ಕೈಮೇಲೆ ಹಾದುಹೋಗುತ್ತವೆ. ನೀರು ಕುಡಿದ ಹತ್ತಿ ರಜಾಯಿಯನ್ನು ಮೆಷಿನ್ನಿನಿಂದ ಎತ್ತುವುದೆಂದರೆ ಅಮಲೇರಿ ಬಿದ್ದ ಭಾವನನ್ನು ಎತ್ತಿದ ಹಾಗೆ, ಸೊಂಟ ಬಿದ್ದೇ ಹೋಗುತ್ತದೆ. ಹೀಗಾಗಿ ನಮ್ಮ ಕೆಲಸದವರ ಕಣ್ಣಿಗೆ ಹಗುರವಾದದ್ದೆಲ್ಲ ಬಂಗಾರ, ಭಾರವಾದದ್ದೆಲ್ಲ ಶನಿ. ಅದೇ ಲೆಕ್ಕಾಚಾರ ಹಾಕಿಕೊಂಡು ರಜಾಯಿಯ ಬದಲಿಗೆ ಡುವೆ ಎಂಬ ಹೊಸ ನಮೂನೆಯ ಹೊದಿಕೆ ಕೊಳ್ಳಲು ಹೊರಟೆ.

ಅಂಗಡಿಯವನು ಕೊರಳಿಗೆ ಟೇಪು ನೇತುಹಾಕಿಕೊಂಡಿದ್ದ ಸಣಕಲು ಮನುಷ್ಯ.

"ಯಾರಿಗಮ್ಮ?"

"ನನ್ನ ಗಂಡಂಗೆ."

"ರಾತ್ರಿ ಬೆವರ್ತಾರಾ? ಇಲ್ಲಾ ಚಳಿ ಜಾಸ್ತಿನಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವಳಿಗಾದರೆ ಥಟ್ಟನೆ ಬರುತ್ತಿತ್ತು ಎಂದುಕೊಂಡು ಅಲ್ಲೇ ನಿಂತು ಇನ್ನಷ್ಟು ಉರಿದೆ. "ಎಲ್ಲಾ ತೋರಿಸಿ," ಎಂದೆ.

"ಇದು ಪಾಲಿಯೆಸ್ಟರ್. ಕಡಿಮೆಗೆ ಸಿಗುತ್ತೆ, ಮನೇಲೇ ಒಗೀಬಹುದು. ಆದ್ರೆ ಸೆಖೆ ಹೊರಗೆ ಬಿಡಲ್ಲ."

"ಅದೂ ಅಲ್ದೆ ಒಗೀತಾ ಒಗೀತಾ ಗಂಟುಗಂಟಾಗುತ್ತೆ. ಮುಂದೆ?"

"ಉಣ್ಣೆ. ಬೆವರು ಹೀರುತ್ತೆ, ಹದವಾಗಿರುತ್ತೆ."

"ಬಿಸಿ ನೀರಿಗೆ ಬಿದ್ರೆ ಕುಗ್ಗಿ ಕೂಸಿನ ಹೊದಿಕೆ ಆಗುತ್ತೆ."

"ಹತ್ತಿ ಇದೆ..."

"ಹತ್ತಿ ಹೆಸರು ನನ್ನ ಮುಂದೆ ಎತ್ತಬೇಡಿ!"

ಪಾಪ, ಅವನು ಬೆಚ್ಚಿಬಿದ್ದ. ಆಮೇಲೆ ಮೇಲಿನ ಕಪಾಟಿನಿಂದ ಒಂದು ಬಿಳಿ ಡುವೆ ಇಳಿಸಿ ನನ್ನ ಕೈಗೆ ಇಟ್ಟ. ಕೈಮೇಲೆ ಏನೂ ಇಲ್ಲವೇನೋ ಅನ್ನಿಸಿತು.

"ಬಾತುಕೋಳಿ ಎದೆಯ ತುಪ್ಪುಳ. ಮೂಲೆ ಚಿವುಟಿ ನೋಡಿ. ಕಡ್ಡಿ ಚುಚ್ಚಿದ್ರೆ ಗರಿ ಬೆರೆಸಿದ್ದಾರೆ ಅಂತ ಅರ್ಥ. ಇದ್ರಲ್ಲಿ ಚುಚ್ಚಲ್ಲ. ಚೌಕಚೌಕವಾಗಿ ಹೊಲಿದಿದ್ದಾರಲ್ಲ, ತುಪ್ಪುಳ ಒಂದೇ ಕಡೆ ಸರಿಯಲ್ಲ. ಬೆಚ್ಚಗಿಡೋದು ಒಳಗೆ ನಿಂತ ಗಾಳಿ, ತೂಕ ಅಲ್ಲ."

ಚಿವುಟಿದೆ. ಚುಚ್ಚಲಿಲ್ಲ. ಸತ್ತವಳು ಇಂಥದ್ದನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ ಎಂದು ಹಿಗ್ಗಿ ಹೀರೇಕಾಯಿಯಾಗಿ ಅದನ್ನೇ ಕಟ್ಟಿಸಿಕೊಂಡೆ. ಮನೆಗೆ ಬಂದವಳೇ ಹಳೆಯ ರಜಾಯಿಯನ್ನು ಚೀಲಕ್ಕೆ ತುರುಕಿ, ಹಿಂದಿನ ಕೋಣೆಯ ಮೂಲೆಗೆ ತಳ್ಳಿದೆ.

"ಚೆನ್ನಾಗಿದೆ," ಎಂದರು ನನ್ನ ಗಂಡ. ಅವರು ಲಿಫ್ಟ್ ರಿಪೇರಿಯವರು, ಮಾತು ಕಡಿಮೆ. ಆದರೆ ದಿನ ಕಳೆದ ಹಾಗೆ ಅವರ ಕಣ್ಣು ಕೆಂಪಾಗುತ್ತ ಬಂತು. ಊಟದ ತಟ್ಟೆಯ ಮುಂದೆ ತೂಕಡಿಸುತ್ತಿದ್ದರು. ಕೇಳಿದರೆ, "ಏನಿಲ್ಲ, ಕೆಲಸ ಜಾಸ್ತಿ," ಎನ್ನುತ್ತಿದ್ದರು. ನಾನೂ ನಂಬಿದೆ. ನಂಬುವುದೇ ಅನುಕೂಲವಾಗಿತ್ತು.

ಒಂದು ಭಾನುವಾರ ಲಾಂಡ್ರಿಯಿಂದ ಮಧ್ಯಾಹ್ನಕ್ಕೇ ಬಂದೆ. ಮಂಚ ಖಾಲಿ. ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ, ಬರೀ ನೆಲದ ಮೇಲೆ, ಆ ರಜಾಯಿಯ ಅಡಿಯಲ್ಲಿ ನನ್ನ ಗಂಡ ಗೊರಕೆ ಹೊಡೆಯುತ್ತಿದ್ದರು. ಸವತಿಯ ಮಗ್ಗುಲಲ್ಲೇ ಸಿಕ್ಕಿಬಿದ್ದ ಹಾಗೆ ಕಂಡರು. ಮೈಯೆಲ್ಲ ಉರಿದುಹೋಯಿತು. ಒಂದೇ ಏಟಿಗೆ ರಜಾಯಿ ಕಿತ್ತೆಸೆದೆ.

"ಅಷ್ಟು ಬೇಕಾ ಅವಳು? ಹಾಗಾದ್ರೆ ನನ್ನನ್ಯಾಕ್ರೀ ಕಟ್ಕೊಂಡ್ರಿ?"

ಅವರು ಕಣ್ಣುಜ್ಜಿಕೊಂಡು ಎದ್ದು ಕುಳಿತರು. "ಯಾರೇ?"

"ಇದನ್ನ ಹೊದೀತಿದ್ದವಳು!"

"ಅವಳು ಇದನ್ನ ಕಂಡೇ ಇಲ್ವಲ್ಲೇ. ಇದು ಅವಳು ಹೋದ್ಮೇಲೆ ತಂದಿದ್ದು."

ಇಷ್ಟು ದಿನ ಹಲ್ಲು ಕಡಿದದ್ದೆಲ್ಲ ಒಂದು ಮೂಟೆ ಹತ್ತಿಯ ಮೇಲೆ. ನಗು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಅವರು ನೆಲ ನೋಡುತ್ತ ಮಾತು ಮುಂದುವರಿಸಿದರು.

"ಅವಳಿಗೆ ನನ್ನ ಮೇಲೆ ಕಾಲು ಹಾಕ್ಕೊಂಡು ಮಲಗೋ ಅಭ್ಯಾಸ. ಅವಳು ಹೋದ್ಮೇಲೆ ಮೈಮೇಲೆ ಭಾರ ಇಲ್ದೆ ನಿದ್ದೆನೇ ಹತ್ತುತ್ತಿರಲಿಲ್ಲ. ಅಂಗಡೀಲಿ ಇದ್ದಿದ್ರಲ್ಲೇ ಭಾರದ್ದು ಕೊಡಿ ಅಂತ ಕೇಳಿ ತಂದೆ. ನೀನು ತಂದಿರೋದು ಒಳ್ಳೇದೇ ಕಣೇ. ಆದ್ರೆ ಅದನ್ನ ಹೊದ್ರೆ ಒಬ್ಬನೇ ಮಲಗಿದ ಹಾಗಾಗುತ್ತೆ."

"ನಾನು ಪಕ್ಕದಲ್ಲೇ ಇರ್ತೀನಲ್ಲ!"

"ನೀನು ಅಷ್ಟು ದೂರ ಮಲಗ್ತೀಯ. ಹತ್ರ ಬಾ ಅನ್ನೋಕೆ ನಂಗೂ ಸಂಕೋಚ."

ಅಲ್ಲಿಗೆ ನನ್ನ ಹೊಟ್ಟೆಕಿಚ್ಚಿಗೆ ಸುಡಲು ರಜಾಯಿಯೂ ಉಳಿಯಲಿಲ್ಲ. ಆ ಕಿಚ್ಚು ನೇರವಾಗಿ ಅವಳ ಕಾಲಿಗೇ ಹೋಗಿ ಹತ್ತಿಕೊಂಡಿತು. ಕೈ ಹಿಡಿದು ಅವರನ್ನು ಮಂಚಕ್ಕೆ ಎಳೆದುಕೊಂಡು ಬಂದೆ. ಮಲಗಿಸಿ ಬಿಳಿ ಡುವೆ ಹೊದಿಸಿ, ಪಕ್ಕದಲ್ಲಿ ನುಸುಳಿ, ಇದ್ದ ಸಿಟ್ಟನ್ನೆಲ್ಲ ಸೇರಿಸಿ ಅವರ ಮೇಲೆ ಕಾಲು ಹಾಕಿದೆ. ಅವರು "ಅಯ್ಯೋ" ಎಂದರು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟರು.

ಸುಮ್ಮನಿರಲು ನನ್ನಿಂದಾಗಲಿಲ್ಲ. "ಅವಳ ಕಾಲು ಇದಕ್ಕಿಂತ ಭಾರ ಇತ್ತಾ?" ಎಂದು ಕೇಳಿದೆ.

ತಲೆಯೆತ್ತಿ ನೋಡಿದರೆ ಅವರಿಗೆ ಆಗಲೇ ನಿದ್ದೆ ಹತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕಾಲು ಜೋಮು ಹಿಡಿಯಿತು. ಹಿಡಿದರೆ ಹಿಡಿಯಲಿ ಎಂದು ಹಾಗೆಯೇ ಇಟ್ಟಿದ್ದೆ.