ಸೋಮವಾರದ ತೇಪೆ

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ರಂಗಂಪೇಟೆ ಇನ್ನೂ ಸ್ವಲ್ಪ ದೂರವಿರುವಾಗಲೇ, ಎಡಗಡೆಗೆ ಸೂಗಪ್ಪನ ಕಾಟಾ ಸಿಗುತ್ತದೆ. ಕಾಟಾ ಎಂದರೆ ಲಾರಿಯನ್ನು ಮಾಲಿನ ಸಮೇತ ತೂಗುವ ದೊಡ್ಡ ತಕ್ಕಡಿ. ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಹಲಗೆ, ಪಕ್ಕದಲ್ಲೊಂದು ಕೋಣೆ, ಕೋಣೆಯಲ್ಲೊಂದು ಕಂಪ್ಯೂಟರ್, ಅಷ್ಟೇ ಆಸ್ತಿ. ಆದರೆ ಸೂಗಪ್ಪನನ್ನು ಕೇಳಿ ನೋಡಿ, ಇಡೀ ಯಾದಗಿರಿ ಜಿಲ್ಲೆಯೇ ಆ ಹಲಗೆಯ ಮೇಲೆ ನಿಂತಿದೆ ಅನ್ನುವ ಹಾಗೆ ಮಾತಾಡುತ್ತಾನೆ. ಪೂರಾ ಬಡಾಯಿಯೂ ಅಲ್ಲ ಅನ್ನಿ. ಭತ್ತದ ಸುಗ್ಗಿಯಲ್ಲಿ ರೈತನೂ ಮಿಲ್ಲಿನವನೂ ಕಚ್ಚಾಡಿಕೊಂಡು ಬಂದರೆ, ಸೂಗಪ್ಪನ ಚೀಟಿ ನೋಡಿ ಇಬ್ಬರೂ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು.

ಸೂಗಪ್ಪನಿಗೆ ಎರಡು ನೇಮ. ದಿನಾ ಮುಂಜಾನೆ ಮೊದಲ ಗಾಡಿ ಹತ್ತುವ ಮುಂಚೆ ತಾನೇ ಬರಿಗಾಲಲ್ಲಿ ಹಲಗೆಯ ಮೇಲೆ ನಿಂತು ತೂಗಿಸಿಕೊಳ್ಳುತ್ತಾನೆ. ಕಾಟಾದ ಯಜಮಾನ ಮೊದಲು ತೂಗಬೇಕು, ಆಮೇಲೆ ಪರರ ಮಾಲು. ಇನ್ನೊಂದು, ಸೋಮವಾರ ಕಾಟಾ ಬಂದ್. ಈ ಸೀಮೆಯಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಅದು ಬಸವಣ್ಣನ ದಿನ. ಕಾಟಾ ಹಾಕುವ ಮುಂಚೆ ಸೂಗಪ್ಪ ಎತ್ತು ಕಟ್ಟಿದವನು. ವಾರವೆಲ್ಲ ದುಡಿಯುವ ಯಂತ್ರಕ್ಕೂ ಒಂದು ದಿನ ಬಿಡುವು ಬೇಕೆಂದು ಭಾನುವಾರ ರಾತ್ರಿಯೇ ಮೇನ್ ಸ್ವಿಚ್ ಎಳೆದು, ಕಂಪ್ಯೂಟರಿನ ಹಣೆಗೆ ವಿಭೂತಿ ಹಚ್ಚಿ, ಬಟ್ಟೆ ಹೊದಿಸಿ ಬಿಡುತ್ತಾನೆ. ಕಂಪ್ಯೂಟರಿಗೆ ಹಣೆ ಎಲ್ಲಿಂದ ಬಂತು ಅಂತ ಹೊಸಬರು ನಕ್ಕರೆ ನಗಲಿ, ಅವನಿಗೇನು.

ಆ ಕಂಪ್ಯೂಟರ್ ನೋಡಿಕೊಳ್ಳುವವಳು ಸೊಸೆ ಬಸವೇಶ್ವರಿ. ಶಿರವಾಳದ ಹುಡುಗಿ, ಶಹಾಪುರದ ಕಾಲೇಜಿನಲ್ಲಿ ಬಿಸಿಎ ಓದಿದವಳು. ಗಂಡನಿಗೆ ಹೊಲವೇ ಪ್ರಪಂಚ, ಕಾಟಾದ ಕಡೆ ತಲೆ ಹಾಕಿಯೂ ಮಲಗುವವನಲ್ಲ. ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ, ಈ ಕಡೆಯವರಿಗೆ ಪರಿಚಯವಿಲ್ಲದ ವ್ಯವಸ್ಥೆ. ಅದನ್ನು ಕೂಡಿಸಿಕೊಟ್ಟವನು ಅಂಗಡಿ ಮುಚ್ಚಿ ಎಲ್ಲಿಗೋ ಹೋದಾಗ, ಇನ್ನು ಕೆಟ್ಟರೆ ದೇವರೇ ಗತಿ ಎಂದು ಮನೆಯವರು ಕೈ ಚೆಲ್ಲಿ ಕೂತಿದ್ದರು. ತಾನು ನೋಡಿಕೊಳ್ಳುತ್ತೇನೆ ಎಂದವಳು ಬಸವೇಶ್ವರಿ. ನೋಡಿಕೊಂಡಳು ಕೂಡ. ಆದರೂ ಎದುರಿನ ಚಹಾದಂಗಡಿಯಲ್ಲಿ ಅವಳು ಬರೀ ಗುಂಡಿ ಒತ್ತುವವಳು, ಕಾಟಾ ಮಾತ್ರ ಸೂಗಪ್ಪನದು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಉರಿಯುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಿಲ್ಲಿನ ಲಕ್ಷ್ಮಿಕಾಂತನ ಹೊಚ್ಚ ಹೊಸ ಲಾರಿ ಬಂತು. ಹನ್ನೆರಡು ಗಾಲಿಯದು, ಅಷ್ಟು ದೊಡ್ಡ ಗಾಡಿ ಆ ಹಲಗೆ ಏರಿದ್ದು ಅದೇ ಮೊದಲು. ಡ್ರೈವರ್ ಲಾಡ್ಲೇಸಾಬ ಕುತ್ತಿಗೆತನಕ ಭತ್ತ ತುಂಬಿಕೊಂಡು ಬಂದಿದ್ದ. ಕೋಣೆಯೊಳಗಿನ ತೂಕದ ಪೆಟ್ಟಿಗೆಯ ಕೆಂಪು ಅಂಕಿಗಳು ಮೂವತ್ತೈದು ಟನ್ ದಾಟಿದವು. ಬಸವೇಶ್ವರಿ ಗುಂಡಿ ಒತ್ತಿದಳು, ಚೀಟಿ ಹೊರಬಂತು, ಸೂಗಪ್ಪ ಎಂದಿನಂತೆ ನೋಡದೆಯೇ ಸಹಿ ಹಾಕಿ ಕೊಟ್ಟ. ಲಾಡ್ಲೇಸಾಬ ಓದಿದ, ತಿರುಗಿಸಿ ಮತ್ತೊಮ್ಮೆ ಓದಿದ. ಚೀಟಿಯ ಮೇಲೆ ಅಂಕಿಯ ಎಡಕ್ಕೆ ಒಂದು ಅಡ್ಡಗೆರೆ, ಮೈನಸ್ ಗುರುತು. ಲಾರಿಯ ತೂಕ ಸೊನ್ನೆಗಿಂತ ಕಡಿಮೆ.

"ಸೂಗಪ್ಪ ಧಣಿ, ನನ್ನ ಲಾರಿ ಭೂಮಿ ಮ್ಯಾಲ ಇಲ್ಲೇನ್ರಿ? ಹಾರಾಕತ್ತದಂತ ಬರದದ ನಿಮ್ಮ ಕಾಟಾ."

ಲಾಡ್ಲೇಸಾಬ ಕೆಟ್ಟವನಲ್ಲ, ನಗೆಯ ಮನುಷ್ಯ. ಆದರೆ ನಗೆಯವರ ಕೈಗೆ ಇಂಥದ್ದು ಸಿಕ್ಕರೆ ಬಿಡುತ್ತಾರೆಯೇ? ಚೀಟಿ ಚಹಾದಂಗಡಿಗೆ ಹೋಯಿತು, ಕೈಯಿಂದ ಕೈಗೆ ತಿರುಗಿತು. ಸಂಜೆಯ ಹೊತ್ತಿಗೆ ಲಕ್ಷ್ಮಿಕಾಂತ ಫೋನ್ ಮಾಡಿ, ಕೆಂಪು ಅಂಕಿ ನೋಡಿ ಕೈಯಲ್ಲಿ ಬರೆದುಕೊಟ್ಟ ಚೀಟಿ ಮಿಲ್ಲಿನಲ್ಲಿ ನಡೆಯುವುದಿಲ್ಲ, ಮಂಗಳವಾರದಿಂದ ಸುಗ್ಗಿಯ ಲಾರಿಗಳೆಲ್ಲ ಶುರು, ಅವತ್ತಿನ ಮೊದಲ ಚೀಟಿ ಸರಿ ಬಾರದಿದ್ದರೆ ಗಾಡಿಗಳನ್ನು ಬೇರೆ ಕಾಟಾಕ್ಕೆ ತಿರುಗಿಸುವುದು ಅನಿವಾರ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಸೂಗಪ್ಪ ಮನಸ್ಸಿಗೇ ಹಚ್ಚಿಕೊಂಡ. ವ್ಯಾಪಾರ ಹೋದೀತೆಂದಲ್ಲ. ತನ್ನ ಸಹಿ ಇರುವ ಸುಳ್ಳೊಂದು ಚಹಾದಂಗಡಿಯ ಬೆಂಚಿನ ಮೇಲೆ ಬಿದ್ದಿದೆ ಎಂದು ಅವನಿಗೆ ರೊಟ್ಟಿ ಸೇರಲಿಲ್ಲ.

ಬಸವೇಶ್ವರಿ ಅಷ್ಟರಲ್ಲಿ ಕಂಪ್ಯೂಟರಿನ ರೋಗ ಪತ್ತೆ ಹಚ್ಚಿದ್ದಳು. ತೂಕದ ಪ್ರೋಗ್ರಾಮ್ ದೇಶದೇಶದ ಜನ ಕೂಡಿ ಬರೆದದ್ದು, ಅದರ ಒಳಗು ಯಾರು ಬೇಕಾದರೂ ತೆರೆದು ನೋಡಬಹುದು. ಅದರಲ್ಲಿ ತೂಕ ಇಟ್ಟುಕೊಳ್ಳಲು ಮಾಡಿದ ಜಾಗ ಸಣ್ಣದು. ಮೂವತ್ತೆರಡು ಟನ್ ಚಿಲ್ಲರೆ ದಾಟಿದರೆ ಅಳತೆ ಉಕ್ಕಿ, ಅಂಕಿ ತಲೆಕೆಳಗಾಗಿ ಸೊನ್ನೆಯ ಕೆಳಗೆ ಬೀಳುತ್ತದೆ. ಹಳೆಯ ಲಾರಿಗಳು ಅಲ್ಲಿಯತನಕ ಏರುತ್ತಿರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಆದರೆ ಈ ದೋಷವನ್ನು ಬರೆದವರೇ ವರ್ಷದ ಹಿಂದೆ ಸರಿಪಡಿಸಿ ಎಲ್ಲರಿಗೂ ಕಳಿಸಿದ್ದರು. ಹಾಗಾದರೆ ನಮಗ್ಯಾಕೆ ಬರಲಿಲ್ಲ? ಹುಡುಕಿದಳು. ಹೊಸ ರಿಪೇರಿಗಳನ್ನು ತಾನಾಗಿ ತರಿಸಿಕೊಳ್ಳಲು ಕಂಪ್ಯೂಟರಿಗೆ ಗೊತ್ತು ಮಾಡಿದ್ದ ವೇಳೆ, ಪ್ರತಿ ಸೋಮವಾರ ಬೆಳಗ್ಗೆ.

ಸೋಮವಾರ ಬೆಳಗ್ಗೆ ಅದು ವಿಭೂತಿ ಹಚ್ಚಿಕೊಂಡು ಮಲಗಿರುತ್ತಿತ್ತು! ಬಸವೇಶ್ವರಿಗೆ ಮೊದಲು ನಗು ಬಂತು, ಆಮೇಲೆ ಹಣೆ ಚಚ್ಚಿಕೊಂಡಳು. ಮಾವನ ನೇಮ ಗೊತ್ತಿದ್ದೂ ಆ ವೇಳೆ ಯಾವುದೆಂದು ಒಮ್ಮೆಯೂ ನೋಡಿರಲಿಲ್ಲವಲ್ಲ. ಈಗ ಹೊಸ ಪ್ರೋಗ್ರಾಮನ್ನು ಇಡಿಯಾಗಿ ಹಾಕೋಣವೆಂದರೆ ಈ ಹಳೆಯ ಲಿನಕ್ಸ್ ಅದನ್ನು ತಡೆದುಕೊಳ್ಳುವುದಿಲ್ಲ. ಉಳಿದದ್ದು ಒಂದೇ ದಾರಿ. ಆ ರಿಪೇರಿಯಷ್ಟನ್ನೇ, ಪ್ಯಾಚ್, ಅಂದರೆ ತೇಪೆ, ಎನ್ನುವ ಆ ಸಣ್ಣ ಫೈಲನ್ನು ಮಾತ್ರ ತಂದು, ಹಳೆಯ ಪ್ರೋಗ್ರಾಮಿಗೆ ಕೈಯಾರೆ ಹೊಲಿಯಬೇಕು. ಅದಕ್ಕೆ ಇಡೀ ಒಂದು ದಿನ ಬೇಕು. ಮಂಗಳವಾರಕ್ಕೆ ಮುಂಚೆ ಇದ್ದದ್ದು ಸೋಮವಾರ ಒಂದೇ.

ಮಾವನ ಮುಂದೆ ಹೋಗಿ ಎಲ್ಲ ಬಿಡಿಸಿ ಹೇಳಿದಳು, ಸೋಮವಾರದ ವಿಷಯ ಕೂಡ ಮುಚ್ಚಿಡಲಿಲ್ಲ. ಸೂಗಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ, ತಪ್ಪು ಬಸವಣ್ಣನದಲ್ಲ, ಬೇರೆ ವಾರವೇ ಸಿಗಲಿಲ್ಲವೆಂಬಂತೆ ಸೋಮವಾರ ಗೊತ್ತು ಮಾಡಿದವನದು ಎಂದ. ಕಾಟಾ ಹೋದರೆ ಹೋಗಲಿ, ಸೋಮವಾರ ಸ್ವಿಚ್ ಹಾಕುವ ಮಾತೇ ಇಲ್ಲ ಎಂದ. ಬಸವೇಶ್ವರಿಯೂ ಶಿರವಾಳದವಳು, ಅಷ್ಟಕ್ಕೇ ಎದ್ದು ಹೋಗುವವಳಲ್ಲ.

"ಮಾವಾರ, ಸೋಮವಾರ ಎತ್ತಿಗಿ ನೊಗ ಹಾಕಂಗಿಲ್ಲ, ಖರೆ. ಮೈ ತೊಳಿಬಾರದಂತ ಯಾರರ ಅಂದಾರೇನ್ರಿ? ಗಾಯಕ್ಕ ಎಣ್ಣಿ ಹಚ್ಚಬಾರದಂತ ಅಂದಾರೇನು? ನಾ ತೂಕ ಮಾಡಾಕ ಕುಂದ್ರಂಗಿಲ್ಲ. ಮದ್ದು ಹಚ್ತೀನಿ, ಅಷ್ಟ."

ಮೂಲೆಯಲ್ಲಿ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದ ಅತ್ತೆ ಗೊಲ್ಲಾಳಮ್ಮ ತಲೆ ಎತ್ತದೆಯೇ, ನಿಮ್ಮ ಕಾಲದಲ್ಲಿ ಸೋಮವಾರ ಬಂದರೆ ಬೆಳಗಿಂದ ಸಂಜೆತನಕ ಎತ್ತಿನ ಮೈ ತಿಕ್ಕುತ್ತಾ ಹಳ್ಳದಲ್ಲೇ ಬಿದ್ದಿರುತ್ತಿದ್ದವರು ಯಾರು ಎಂದು ಗಂಡನನ್ನು ಕೇಳಿದಳು. ಸೂಗಪ್ಪ ಸೋತ. ಒಪ್ಪಿದ, ಆದರೆ ಕರಾರಿನ ಮೇಲೆ. ಹಲಗೆಯ ಮೇಲೆ ಒಂದು ಕಾಳಿನ ಭಾರವೂ ಬೀಳಕೂಡದು.

ಸೋಮವಾರ ಅವನೇ ಸ್ವಿಚ್ ಹಾಕಿ, ಹೊಸ್ತಿಲ ಮೇಲೆ ಕಾವಲು ಕೂತ. ಗೊಲ್ಲಾಳಮ್ಮ ಕೌದಿ ಹೊತ್ತುಕೊಂಡು ಬಂದು ಸೊಸೆಯ ಪಕ್ಕ ಕೂತಳು. ಬಸವೇಶ್ವರಿ ಮೊದಲು ಹಳೆಯದೆಲ್ಲದರ ನಕಲು ತೆಗೆದಿಟ್ಟಳು, ಏನಾದರೂ ಹೆಚ್ಚುಕಡಿಮೆಯಾದರೆ ಹಿಂದಕ್ಕೆ ಹೋಗಲು ದಾರಿಯಿರಲಿ ಎಂದು. ಆಮೇಲೆ ಪ್ಯಾಚನ್ನು ನಿಜಕ್ಕೂ ಹಚ್ಚದೆ, ಹಚ್ಚಿದರೆ ಕೂಡುತ್ತದೆಯೋ ಇಲ್ಲವೋ ಹೇಳು ಎಂದು ಕಂಪ್ಯೂಟರನ್ನು ಕೇಳಿದಳು. ನಾನೂ ಮೊದಲು ಬಿಚ್ಚಲು ಬರುವ ಉದ್ದ ಹೊಲಿಗೆ ಹಾಕಿಯೇ ನೋಡುತ್ತೇನೆ ಎಂದಳು ಗೊಲ್ಲಾಳಮ್ಮ. ಕಂಪ್ಯೂಟರ್ ಮಾತ್ರ ಕೂಡುವುದಿಲ್ಲ ಎಂದಿತು. ನಡುವೆ ಎಷ್ಟೋ ಸೋಮವಾರಗಳ ರಿಪೇರಿಗಳು ತಪ್ಪಿಹೋಗಿದ್ದವು. ಪ್ಯಾಚ್ ಹುಡುಕುವ ಸಾಲುಗಳು ಹಳೆಯ ಪ್ರೋಗ್ರಾಮಿನಲ್ಲಿ ಬೇರೆಲ್ಲೋ ಇದ್ದವು.

ಬಸವೇಶ್ವರಿ ಪರದೆಯಿಂದ ಕಣ್ಣು ತೆಗೆದಳು. ಹೊಸ್ತಿಲ ಕಡೆ ನೋಡಿದರೆ ಮಾವ ತನ್ನನ್ನೇ ನೋಡುತ್ತಿದ್ದಾನೆ. ನೀರು ಕುಡಿದು, ಕೂದಲು ಕಟ್ಟಿ, ಪ್ರೋಗ್ರಾಮನ್ನು ತಲೆಯಿಂದ ಬಾಲದವರೆಗೆ ಓದಲು ಕೂತಳು. ತೂಕ ಬರುವ ಜಾಗ, ಅದು ನಿಲ್ಲುವ ಜಾಗ, ಚೀಟಿಗೆ ಹೋಗುವ ಜಾಗ. ಮಧ್ಯಾಹ್ನದ ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಮೂರೂ ಸಿಕ್ಕಿದವು. ಒಂದೊಂದನ್ನೇ ಬಿಚ್ಚಿ, ಪ್ಯಾಚಿನಲ್ಲಿದ್ದ ಹಾಗೆ ದೊಡ್ಡದು ಮಾಡಿ ತಾನೇ ಟೈಪ್ ಮಾಡಿದಳು. ಪ್ರೋಗ್ರಾಮನ್ನು ಹೊಸದಾಗಿ ಕಟ್ಟುವ ಕಮಾಂಡ್ ಕೊಟ್ಟಾಗ ಪರದೆಯ ಮೇಲೆ ಸಾಲುಗಳು ಓಡಿದವು, ಒಂದು ಕಡೆ ನಿಂತು ಬೈದವು. ಎಲ್ಲೋ ಒಂದು ಚಿಹ್ನೆ ಬಿಟ್ಟಿದ್ದಳು. ಸರಿ ಮಾಡಿದಳು. ಈ ಸಲ ಬೈಗುಳವಿಲ್ಲದೆ ಕೊನೆ ಮುಟ್ಟಿತು.

ಸರಿಯಾಯಿತೋ ಇಲ್ಲವೋ ನೋಡಬೇಕಲ್ಲ. ಭಾರ ಹಾಕುವಂತಿಲ್ಲ. ಮೂವತ್ತೈದು ಟನ್ ಎಂದು ತಾನೇ ಒಂದು ಅಂಕಿ ಕೊಟ್ಟು ಚೀಟಿ ತೆಗೆದು ನೋಡುತ್ತೇನೆ ಎಂದಳು. ಸೂಗಪ್ಪ ಧಡಕ್ಕನೆ ಎದ್ದ.

"ಇಲ್ಲದ ಲಾರಿಗಿ ತೂಕ ಬರಿಯಾದು ನನ್ನ ಕಾಟಾದಾಗ ಆಗಂಗಿಲ್ಲ. ನೀ ಸರಿ ಮಾಡಿ ಹೌದಿಲ್ಲೋ?"

ಅವಳು ಪರದೆಯ ಕಡೆ ಒಮ್ಮೆ ನೋಡಿ, ಹೌದು ಎಂದಳು. ಮಾಡಿದ್ದು ಅವಳಿಗೆ ಗೊತ್ತಿತ್ತು, ಸಾಲುಸಾಲೂ ಗೊತ್ತಿತ್ತು. ಆದರೂ ತೂಗಿ ನೋಡಿರಲಿಲ್ಲ. ಸೂಗಪ್ಪ ರುಮಾಲು ಕೊಡವಿಕೊಂಡು ಸೀದಾ ಚಹಾದಂಗಡಿಗೆ ನಡೆದ. ನಾಳೆಯ ಮೊದಲ ಚೀಟಿ ಎಲ್ಲರೂ ಬಂದು ನೋಡಿರಿ, ನನ್ನ ಸೊಸೆ ಸರಿ ಮಾಡಿದ್ದಾಳೆ, ತಪ್ಪಿದರೆ ಅಲ್ಲೇ ಕಾಟಾದ ಬೋರ್ಡು ಇಳಿಸುತ್ತೇನೆ ಎಂದು ಸಾರಿ ಬಂದ. ಈ ಮುದುಕನ ಹುಚ್ಚುತನಕ್ಕೆ ಅವಳಿಗೆ ಕೋಪ ಬಂತು, ಅದರ ಹಿಂದೆಯೇ ಕಣ್ಣು ತುಂಬಿ ಬಂತು. ಅವಳ ಕೆಲಸದ ಮೇಲೆ ಇಷ್ಟು ದೊಡ್ಡ ಮಾತನ್ನು ಯಾರೂ ಕಟ್ಟಿರಲಿಲ್ಲ.

ಮಂಗಳವಾರ ಮುಂಜಾನೆ ಚಹಾದಂಗಡಿಯೇ ಎದ್ದು ಬಂದಿತ್ತು. ಲಕ್ಷ್ಮಿಕಾಂತನೂ ಬಂದು ಒಂದು ಪಕ್ಕ ನಿಂತಿದ್ದ. ಸೂಗಪ್ಪ ಹಲಗೆಯ ಮೇಲೆ ನಿಂತು ತನ್ನ ನೇಮ ಮುಗಿಸಿ ಇಳಿದ. ಲಾಡ್ಲೇಸಾಬನ ಲಾರಿ ಏರಿತು, ಹಲಗೆ ನರಳಿತು. ಕೆಂಪು ಅಂಕಿಗಳು ಓಡಿ ಓಡಿ ಮೂವತ್ತೈದು ಟನ್ನಿನ ಮೇಲೆ ನಿಂತವು. ಬಸವೇಶ್ವರಿ ಗುಂಡಿ ಒತ್ತಿದಳು. ಪ್ರಿಂಟರ್ ಕಿರ್ರೆಂದು ಚೀಟಿ ಉಗುಳಿತು. ಸೂಗಪ್ಪ ಅದನ್ನು ತಾನು ನೋಡಲಿಲ್ಲ, ಹಾಗೆಯೇ ಲಾಡ್ಲೇಸಾಬನ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದ.

ಲಾಡ್ಲೇಸಾಬ ಕಣ್ಣಲ್ಲೇ ಒಮ್ಮೆ ಓದಿಕೊಂಡ. ಕೋಣೆಯೊಳಗೆ ಇಣುಕಿ ಕೆಂಪು ಅಂಕಿ ನೋಡಿದ, ಮತ್ತೆ ಚೀಟಿ ನೋಡಿದ. ಅಂಕಿಗೆ ಅಂಕಿ ಕೂಡಿತ್ತು, ಎಡಕ್ಕೆ ಅಡ್ಡಗೆರೆ ಇರಲಿಲ್ಲ.

"ಇಳದದ್ರಿ ಲಾರಿ," ಎಂದ. "ಭೂಮಿ ಮ್ಯಾಲ ಬಂದದ."

ಜನ ಹೋ ಎಂದು ನಕ್ಕರು. ಲಕ್ಷ್ಮಿಕಾಂತ ಫೋನ್ ತೆಗೆದು ಹಿಂದಿನ ಗಾಡಿಗಳಿಗೆ ಬನ್ನಿ ಎಂದ. ಸೂಗಪ್ಪ ಈ ಸಲ ಚೀಟಿಯನ್ನು ಓದಿ ನೋಡಿ ಆಮೇಲೆ ಸಹಿ ಹಾಕಿದ. ಅದನ್ನು ನೋಡಿದವಳು ಬಸವೇಶ್ವರಿ ಒಬ್ಬಳೇ. ಅವತ್ತು ಇಡೀ ದಿನ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಿಡುವು ಸಿಕ್ಕಾಗ ರಿಪೇರಿ ತರಿಸುವ ವೇಳೆಯನ್ನು ಮಂಗಳವಾರಕ್ಕೆ ಬದಲಿಸಿದಳು, ಸೋಮವಾರ ಬಸವಣ್ಣನಿಗೇ ಇರಲಿ ಎಂದು.

ಬುಧವಾರ ಬೆಳಗ್ಗೆ ಲಾರಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದ್ದವು. ಬಸವೇಶ್ವರಿ ಕುರ್ಚಿಯಲ್ಲಿ ಕೂತು, ಮಾವ ಹಲಗೆ ಏರುವುದನ್ನೇ ಕಾಯುತ್ತಿದ್ದಳು. ಅವನು ಏರಲಿಲ್ಲ. ಕೋಣೆಯ ಬಾಗಿಲಿಗೆ ಬಂದು ನಿಂತು, ಚಪ್ಪಲಿ ಬಿಟ್ಟು ಹೊರಗೆ ಬಾ ಎಂದ. ಯಾಕೆಂದು ಕೇಳಿದಳು.

"ಕಾಟಾದ ಯಜಮಾನ್ರು ಮೊದಲ ತೂಗಬೇಕು. ಹೋಗಿ ನಿಂದ್ರು."

ಅವಳು ಬೇಡವೆಂದಳು, ಅವನು ಕೇಳಲಿಲ್ಲ. ಬರಿಗಾಲಲ್ಲಿ ಹೋಗಿ ಹಲಗೆಯ ನಡುವೆ ನಿಂತಳು. ಕಬ್ಬಿಣ ಇನ್ನೂ ತಣ್ಣಗಿತ್ತು. ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು, ಚಹಾದಂಗಡಿಯ ಬೆಂಚುಗಳೂ ನೋಡುತ್ತಿದ್ದವು. ಸೂಗಪ್ಪ ಅವಳ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ ಕೆಂಪು ಅಂಕಿ ನೋಡಿ, ರಂಗಂಪೇಟೆಗೂ ಕೇಳುವಂತೆ ಕೂಗಿದ.

"ಐವತ್ತು ಕೆಜಿ!"

ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. ಕೋಣೆಯ ಹೊರಗೆ ಕೂತಿದ್ದ ಗೊಲ್ಲಾಳಮ್ಮ ಕೌದಿಯ ಹಿಂದೆ ನಗುತ್ತಿದ್ದಳು. ಮುಂದಿನ ಲಾರಿಯಿಂದ ಲಾಡ್ಲೇಸಾಬ, ಅಷ್ಟೇ ಏನ್ರಿ, ಇನ್ನೊಮ್ಮೆ ನೋಡ್ರಿ ಎಂದು ಕೆಣಕಿದ. ಸೂಗಪ್ಪ ಬಾಗಿಲಿಗೆ ಬಂದು ಎದೆ ಉಬ್ಬಿಸಿ ನಿಂತ.

"ಬಸವೇಶ್ವರಿ ಕಾಟಾ ಅದು. ಸುಳ್ಳು ಹೇಳಂಗಿಲ್ಲ."