ಮೊದಲ ಪುಟ ಕೇಳಿ ಕೊಳ್ಳುವವರು

ಲಿಸ್ಬನ್ನಿನ ಏರುರಸ್ತೆಯೊಂದರಲ್ಲಿ ಆಯುಷ್ಯವೆಲ್ಲ ಹಳೆಯ ಪುಸ್ತಕ ಮಾರಿಕೊಂಡಿದ್ದ ಅಬೀಲಿಯುವನ್ನು ಕಟ್ಟಡದ ಹೊಸ ಮಾಲೀಕರು ಹೊರಗೆ ಹಾಕಿದರು. ಬೋರ್ಡಿನ ಮೇಲಿದ್ದ ಅವನ ಹೆಸರನ್ನು ಮಾತ್ರ ಇಟ್ಟುಕೊಂಡರು. ಪುಸ್ತಕಗಳನ್ನೂ ಇಟ್ಟುಕೊಂಡು, ಯಾರೂ ಎಳೆದು ನೋಡಬಾರದೆಂದು ಒಂದಕ್ಕೊಂದು ಅಂಟಿಸಿದರು. ಒಳಗೆ ಹೋಗಲು ಟಿಕೆಟ್ ಇಟ್ಟರು.

ದಿಯೋಲಿಂದಾಳಿಗೆ ಇದು ಗೊತ್ತಿರಲಿಲ್ಲ. ವರ್ಷವರ್ಷದಂತೆ ಅವಳು ಅಲೆಂತೇಜು ಬಯಲಿನ ತನ್ನ ಹಳ್ಳಿಯಿಂದ ಬಸ್ಸು ಹತ್ತಿ, ಹೊಳೆ ದಾಟಿ ರಾಜಧಾನಿಗೆ ಬಂದಿದ್ದಳು. ಜೊತೆಗೆ ಓದುಕೂಟದ ಉಳಿದ ಸದಸ್ಯರೆಲ್ಲ ಇದ್ದರು. ಎಲ್ಲರೂ ಎಂದರೆ ಇಬ್ಬರು. ಒಬ್ಬಳು ಫೆಲಿಸ್ಮೀನಾ, ಸಹಕಾರಿ ಬೇಕರಿಯಲ್ಲಿ ರೊಟ್ಟಿ ಸುಟ್ಟು ನಿವೃತ್ತಳಾದವಳು. ಇನ್ನೊಬ್ಬ ಮುದುಕ ಜೆರೋನಿಮು. ಬಾಟಲಿಯ ಬಿರಡೆಗಾಗಿ ಮರದ ತೊಗಟೆ ಸುಲಿಯುವುದೇ ಅವನ ಜೀವಮಾನದ ಕಸುಬು. ಅಕ್ಷರ ಕಲಿತವನಲ್ಲ. ಪುಸ್ತಕ ಆರಿಸುವಾಗ ಕೊನೆಯ ಮಾತು ಅವನದೇ.

ಸರ್ವಾಧಿಕಾರ ಉರುಳಿಸಿದ ಕ್ರಾಂತಿಯ ಮರುವರ್ಷ ಕೂಲಿಯವರು ಧಣಿಯ ಕಣಜ ಹಿಡಿದುಕೊಂಡಾಗ ಅದರೊಳಗೇ ಹುಟ್ಟಿದ ಕೂಟ ಅದು. ಕೂಟದಲ್ಲಿ ಓದಬಲ್ಲವರು ಕಡಿಮೆ, ಕೇಳಬಲ್ಲವರು ಹೆಚ್ಚು. ಹಾಗಾಗಿ ಪುಸ್ತಕವನ್ನು ಕಣ್ಣಿಂದ ಆರಿಸುವ ಪದ್ಧತಿಯೇ ಬೆಳೆಯಲಿಲ್ಲ. ಅಂಗಡಿಯಲ್ಲಿ ನಿಂತು ಒಬ್ಬರು ಮೊದಲ ಪುಟವನ್ನು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು. ಆಕಳಿಸಿದರೆ ಪುಸ್ತಕ ವಾಪಸ್ಸು. ಅಬೀಲಿಯು ಇದಕ್ಕೆಂದೇ ಒಂದು ಸ್ಟೂಲು ಇಟ್ಟಿದ್ದ. ತಾನೂ ಕೇಳಿ ತಾನೂ ಆಕಳಿಸುತ್ತಿದ್ದ.

ಈ ಸಲ ಅವಸರವಿತ್ತು. ಕೂಟ ಸತ್ತಿದೆ, ಕಣಜವನ್ನು ಬೇಟೆಗಾರರ ಸಂಘಕ್ಕೆ ಕೊಡಿ ಎಂದು ಊರಿನ ಕಮಿಟಿಯಲ್ಲಿ ಅರ್ಜಿ ಬಿದ್ದಿತ್ತು. ಸಂತ ಮಾರ್ತಿನನ ಹಬ್ಬಕ್ಕೆ ಹೊಸ ಪುಸ್ತಕ ಶುರುವಾದರೆ ಜಾಗ ಕೂಟದ್ದು, ಇಲ್ಲದಿದ್ದರೆ ಬಂದೂಕಿನವರದ್ದು ಎಂದು ಅಧ್ಯಕ್ಷ ಹೇಳಿಬಿಟ್ಟಿದ್ದ. ಹಬ್ಬ ನಾಳೆ.

"ಹಳೇದನ್ನೇ ಇನ್ನೊಂದ್ಸಲ ಓದಿದ್ರಾಯ್ತಪ್ಪ," ಎಂದಿದ್ದಳು ಫೆಲಿಸ್ಮೀನಾ ಬಸ್ಸಿನಲ್ಲಿ.

"ಓದಿದ್ದನ್ನೇ ಓದಿದ್ರೆ ಅದು ಜಪ ಕಣಮ್ಮ," ಎಂದಿದ್ದ ಜೆರೋನಿಮು. "ಅದಕ್ಕೆ ಪಾದ್ರಿ ಇದಾನೆ."

ಬೆಳಗಿನಿಂದ ದಾರಿಯಲ್ಲಿ ಸಿಕ್ಕ ಎರಡು ಅಂಗಡಿ ಆಗಿದ್ದವು. ಮೊದಲನೆಯದರಲ್ಲಿ ಪುಸ್ತಕಕ್ಕಿಂತ ಪ್ರವಾಸಿಗರು ಕೊಳ್ಳುವ ಮೀನಿನ ಡಬ್ಬಿ ಜಾಸ್ತಿ. ಎರಡನೆಯದರಲ್ಲಿ ಪುಸ್ತಕಗಳೆಲ್ಲ ಪ್ಲಾಸ್ಟಿಕ್ಕಿನೊಳಗೆ. ಬಿಚ್ಚಿ ಓದಬಹುದೇ ಎಂದು ದಿಯೋಲಿಂದಾ ಕೇಳಿದ್ದಕ್ಕೆ ಅಂಗಡಿಯವನು, "ಕೊಂಡ್ಕೊಂಡ್ಮೇಲೆ ನೀವುಂಟು, ನಿಮ್ಮ ಪುಸ್ತಕ ಉಂಟು," ಎಂದಿದ್ದ. ಕಲ್ಲಂಗಡಿಯನ್ನೂ ತಟ್ಟಿ ನೋಡದೆ ಕೊಳ್ಳದ ಜೆರೋನಿಮು ಅಲ್ಲಿಂದ ಹೊರಟುಬಿಟ್ಟಿದ್ದ.

ಅಬೀಲಿಯುವಿನ ಅಂಗಡಿಯ ಮುಂದೆ ಸಾಲು ನಿಂತಿತ್ತು.

"ನೋಡ್ರೇ, ಜನ ಓದೋಕೆ ಶುರು ಮಾಡಿದಾರೆ," ಎಂದ ಜೆರೋನಿಮು ಸಂತೋಷದಿಂದ. ಸಾಲಿನವರ ಕೈಯಲ್ಲೆಲ್ಲ ಫೋನಿತ್ತು.

ಬಾಗಿಲಲ್ಲಿ ಟಿಕೆಟ್ ಕೊಡುತ್ತಿದ್ದವಳು ಅಬೀಲಿಯು ಕಟ್ಟುತ್ತಿದ್ದಂಥ ನೀಲಿ ಏಪ್ರನ್ ಕಟ್ಟಿಕೊಂಡಿದ್ದಳು. ಮತಿಲ್ದಾ ಎಂದು ಎದೆಯ ಮೇಲೆ ಹೆಸರಿತ್ತು.

"ಅಬೀಲಿಯು ಇಲ್ವಾ?" ಎಂದಳು ದಿಯೋಲಿಂದಾ.

"ಇದಾರಲ್ಲ, ಒಳಗೆ ಎಡಗಡೆ ಗೋಡೇಲಿ. ಅವರ ಜೊತೆ ಫೋಟೋ ತಗೊಳ್ಳೋದಾದ್ರೆ ಫ್ಲ್ಯಾಶ್ ಹಾಕ್ಬೇಡಿ."

"ಸತ್ರಾ?"

"ಇಲ್ಲಪ್ಪ. ತಂಗಿ ಮನೇಲಿದಾರಂತೆ."

ಟಿಕೆಟ್ ಕೊಂಡು ಒಳಗೆ ಹೋದ ದಿಯೋಲಿಂದಾ ಗೋಡೆಯ ಮೇಲಿನ ಚಿತ್ರದ ಅಬೀಲಿಯುವನ್ನು ನೋಡಿದಳು. ಅವನು ಎಂದೂ ನಗದ ರೀತಿಯಲ್ಲಿ ನಗುತ್ತಿದ್ದ. ಹಲ್ಲುಗಳೂ ಅವನವಲ್ಲ ಎನಿಸಿತು. ಅವಳಿಗೆ ಬಂದ ಸಿಟ್ಟನ್ನು ಇಳಿಸಲು ಅಲ್ಲಿ ಜಾಗವಿರಲಿಲ್ಲ. ಹಿಂದಿನಿಂದ ಜನ ನೂಕುತ್ತಿದ್ದರು. ಮೊದಲು ಪುಸ್ತಕ, ಸಿಟ್ಟು ಆಮೇಲೆ ಎಂದುಕೊಂಡು ಕಪಾಟಿಗೆ ಕೈ ಹಾಕಿದಳು. ಪುಸ್ತಕ ಬರಲಿಲ್ಲ. ಪಕ್ಕದ್ದನ್ನು ಎಳೆದಳು. ಅದೂ ಬರಲಿಲ್ಲ.

"ತೇವಕ್ಕೆ ಹಿಡ್ಕೊಂಡಿದೆ," ಎಂದ ಜೆರೋನಿಮು. "ಸರಿ, ನಾನು ನೋಡ್ತೀನಿ." ತೊಗಟೆಯ ಸಂದಿಗೆ ಕೊಡಲಿ ತೂರಿಸುವಂತೆ ಬೆರಳು ತೂರಿಸಿ, ಮರಕ್ಕೆ ನೋವಾಗದ ಹಾಗೆ ಅಲ್ಲಾಡಿಸಿ, ಒಮ್ಮೆಲೇ ಎಳೆದ. ಚರ್ರನೆ ಸದ್ದಾಯಿತು. ಒಂದು ಸಾಲಿಗೆ ಸಾಲೇ ಕಿತ್ತು ಅವನ ತೋಳಿಗೆ ಬಂತು. ನಡುವೆ ಒಂದೂ ಉದುರಲಿಲ್ಲ. ದೊಡ್ಡ ಅಕಾರ್ಡಿಯನ್ ಹಿಡಿದವನಂತೆ ಅವನು ನಿಂತುಬಿಟ್ಟ.

"ಇದೇನು, ಒಂದ್ ಕೊಂಡ್ರೆ ಎಲ್ಲಾನೂ ಕೊಳ್ಬೇಕಾ?" ಎಂದಳು ಫೆಲಿಸ್ಮೀನಾ.

ಸಾಲಿನ ತುದಿಯ ಪುಸ್ತಕಕ್ಕೆ ಮಾತ್ರ ಒಂದು ಮಗ್ಗುಲು ಬಿಡುವಾಗಿತ್ತು. ದಿಯೋಲಿಂದಾ ಅದರ ರಟ್ಟು ಎತ್ತಿದಳು. ಪುಟ ತೆರೆಯಿತು. ಯಾವನೋ ಹಂದಿ ಡಾಕ್ಟರ ಬರೆದ ಆತ್ಮಕಥೆ. ಅವಳು ಕನ್ನಡಕ ಏರಿಸಿ, ಇಡೀ ಕಣಜಕ್ಕೆ ಕೇಳುವಂಥ ದನಿಯಲ್ಲಿ ಓದಿದಳು:

"'ನಾನು ಹುಟ್ಟಿದ ವಾರ ನಮ್ಮೂರಿನ ಹಂದಿಗಳಿಗೆಲ್ಲ ಕಾಯಿಲೆ ಬಂದಿತ್ತು. ಆದಕಾರಣ ನಾನು ಹುಟ್ಟಿದ್ದನ್ನು ಯಾರೂ ಗಮನಿಸಲಿಲ್ಲ. ನಮ್ಮಪ್ಪ ನನ್ನನ್ನು ನೋಡಲು ಬಂದಾಗ ನಾನು ಕೂತು ರೊಟ್ಟಿ ತಿನ್ನುತ್ತಿದ್ದೆ.'"

ಜೆರೋನಿಮು ನಕ್ಕ. ಅವನು ನಕ್ಕಾಗ ತೋಳಿನಲ್ಲಿದ್ದ ಪುಸ್ತಕಗಳೂ ಕುಲುಕಿದವು. "ಇದೇ ಆಗ್ಲಿ," ಎಂದ. "ಕಟ್ಟಿಸು."

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇದೂ ಟಿಕೆಟ್ಟಿನಲ್ಲಿ ಸೇರಿದೆ ಎಂದುಕೊಂಡಿರಬೇಕು.

ಮತಿಲ್ದಾ ಓಡಿ ಬಂದಳು. "ಅಯ್ಯೋ ಅಜ್ಜ, ಏನ್ ಮಾಡಿದ್ರಿ! ಕೆಳಗಿಡಿ ಅದನ್ನ. ಇದು ಮಾರೋಕಲ್ಲ, ನೋಡೋಕೆ."

"ನೋಡಿದ್ರೆ ನಂಗೇನ್ ಗೊತ್ತಾಗತ್ತೆ ತಾಯಿ?" ಎಂದ ಜೆರೋನಿಮು. "ನಂಗೆ ಓದೋಕೆ ಬರಲ್ಲ."

"ಓದೋಕೆ ಬರದೋರು ಇಲ್ಲಿಗ್ಯಾಕ್ ಬಂದ್ರಿ?"

"ಓದೋರೇ ಬರ್ಬೇಕು ಅಂದ್ರೆ ನಿನ್ ಸಾಲು ಕರಗಿಹೋಗತ್ತೆ ಕಣಮ್ಮ," ಎಂದಳು ಫೆಲಿಸ್ಮೀನಾ. ಅಷ್ಟರಲ್ಲಿ ಅವಳು ಚೀಲದಿಂದ ರೊಟ್ಟಿ, ಆಲಿವ್ ಕಾಯಿ ತೆಗೆದಾಗಿತ್ತು.

ದಿಯೋಲಿಂದಾ ಸಮಾಧಾನವಾಗಿಯೇ ಕೇಳಿದಳು. "ಇದೊಂದನ್ನ ಬಿಡಿಸಿ ಕೊಡಿ. ಏನ್ ಆಗತ್ತೋ ಕೊಡ್ತೀವಿ. ನಾಳೆ ನಾವು ಶುರು ಮಾಡ್ಲೇಬೇಕು."

"ಬಿಡಿಸಿದ್ರೆ ಸಾಲು ಹಾಳಾಗತ್ತಮ್ಮ. ಫೋಟೋದ ಹಿನ್ನೆಲೆಗೆ ಅಂತ ಬಣ್ಣ ನೋಡಿ ಜೋಡಿಸಿರೋದು."

"ಅಬೀಲಿಯು ಜೋಡಿಸಿದ್ರಾ?"

"ಅಲಂಕಾರದವರು. ಬನ್ನಿ, ನಿಮ್ ಹೊತ್ತು ಮುಗೀತು, ಹಿಂದಿನೋರು ಕಾಯ್ತಿದಾರೆ."

ದಿಯೋಲಿಂದಾ ಗೋಡೆಯ ಕಡೆ ನೋಡಲಿಲ್ಲ. ಹಬ್ಬ ನಾಳೆ ಎಂಬುದನ್ನು ನೆನೆದಳು. ನಾಳೆಗಿಂತ ಮೊದಲು ಶುರು ಮಾಡಬಾರದೆಂದು ಕಮಿಟಿ ಎಲ್ಲೂ ಹೇಳಿರಲಿಲ್ಲ. ಕಣಜದಲ್ಲೇ ಶುರುವಾಗಬೇಕೆಂದೂ ಹೇಳಿರಲಿಲ್ಲ.

"ಕಾಮ್ರೇಡ್ ಜೆರೋನಿಮು," ಎಂದಳು, "ತೋಳು ನೋಯ್ತಿದ್ಯಾ?"

"ಹಗಲೆಲ್ಲ ತೊಗಟೆ ಹೊತ್ತೋನಿಗೆ ಇದೇನು? ಓದು."

"ಹಾಗಾದ್ರೆ ಕೂಟ ಶುರುವಾಯ್ತು. ಫೆಲಿಸ್ಮೀನಾ, ಕೂತ್ಕೊ."

ಫೆಲಿಸ್ಮೀನಾ ನೆಲದ ಮೇಲೆ ಕೂತಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು, ಯಾವ ದೇಶದವಳೋ, ಅವಳ ಪಕ್ಕ ಬಂದು ತಾನೂ ಕೂತಳು. ಫೆಲಿಸ್ಮೀನಾ ಅವಳಿಗೆ ಒಂದು ಆಲಿವ್ ಕೊಟ್ಟಳು. ಹಿಂದಿನವರು ಮುಂದಿನವರನ್ನು ನೋಡಿ ಕೂತರು.

ಮತಿಲ್ದಾಳ ಮುಖ ಕೆಂಪಾಯಿತು. "ಪೊಲೀಸರಿಗೆ ಫೋನ್ ಮಾಡ್ತೀನಿ. ಆ ಪುಸ್ತಕ ಮುಚ್ಚಿ!"

"ಮುಚ್ಚಲ್ಲ," ಎಂದಳು ದಿಯೋಲಿಂದಾ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತ.