ಮೆಟ್ಟಿಲದೀಪದ ‘ನಂದು’

ರಂಗಮಂದಿರದ ಹಿಂಬಾಗಿಲಿನಿಂದ ಒಳಗೆ ಬರುವಾಗ ಪುಟ್ಟಿಗೆ ಒಂದು ವಿಷಯ ಖಾತ್ರಿಯಿತ್ತು. ತಪ್ಪು ಅಕ್ಕನದು. ಅಕ್ಕನದಲ್ಲದಿದ್ದರೆ ದೀಪದ ವೈರಿನದು. ತಾನು ಕಟ್ಟಿದ ಭಾಷೆಯದಂತೂ ಅಲ್ಲವೇ ಅಲ್ಲ.

ಪುಟ್ಟಿ ಎನ್ನುವುದು ಮನೆಯಲ್ಲಿ ಕರೆಯುವ ಹೆಸರು. ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕೂದಲು ಇಣುಕಿದರೂ, ಸ್ವಂತ ಆಫೀಸು ತೆರೆದು ಕೂತರೂ, ಅಕ್ಕ ಹತ್ತು ಜನರ ಮುಂದೆ ಕೂಗುವುದು ಅದೇ ಹೆಸರನ್ನು. ಅಕ್ಕನಿಗೆ ರಂಗಮಂದಿರದಲ್ಲಿ ಬೆಳಕಿನ ಉಸ್ತುವಾರಿ. ಅವಳ ಒದ್ದಾಟ ನೋಡಲಾರದೆಯೇ ಪುಟ್ಟಿ ದೀಪಗಳಿಗೆ ಅಪ್ಪಣೆ ಕೊಡಲೆಂದು ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದಳು. ‘ಬೆಳಗು’ ಎಂದು ಬರೆದರೆ ದೀಪ ಬೆಳಗುತ್ತಿತ್ತು, ‘ನಂದು’ ಎಂದರೆ ನಂದುತ್ತಿತ್ತು. ಬರೆದದ್ದನ್ನು ಸಾಲುಸಾಲಾಗಿ ಓದಿ ದೀಪಗಳ ಕೈಲಿ ಕೆಲಸ ಮಾಡಿಸುವ ಇಂಟರ್‌ಪ್ರಿಟರೂ ಅವಳದೇ. ಈಗೀಗ ಬೇರೆ ರಂಗಮಂದಿರಗಳೂ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದವು.

“ಬಾರಮ್ಮ, ಭಾಷಾಪಂಡಿತೆ,” ಎಂದಳು ಅಕ್ಕ, ಕಂಟ್ರೋಲ್ ರೂಮಿನ ಕುರ್ಚಿಯಿಂದ ಏಳದೆ. “ನಿನ್ನ ಭಾಷೆ ದೊಡ್ಡಮ್ಮನ್ನ ಬೀಳಿಸ್ತಿತ್ತು ಇವತ್ತು.”

ದೊಡ್ಡಮ್ಮ ಅಂದರೆ ತಂಡದ ಹಿರಿಯ ನಟಿ. ನಾಟಕದ ಕೊನೆಯಲ್ಲಿ ಆಕೆ ಎತ್ತರದ ಮೆಟ್ಟಿಲಿನಿಂದ ಒಬ್ಬಳೇ ಇಳಿದು ಬರಬೇಕು. ಇಳಿಯುತ್ತಿದ್ದಂತೆ ಮೇಲಿನ ದೀಪ ಸಂಜೆ ಬೆಳಕಿನ ಹಾಗೆ ಮೆಲ್ಲಗೆ ಕರಗಬೇಕು. ಆದರೆ ಬೆಳಗಿನ ತಾಲೀಮಿನಲ್ಲಿ ಆಕೆ ನಡುಮೆಟ್ಟಿಲಲ್ಲಿ ಕಾಲಿಡುತ್ತಿರುವಾಗ ದೀಪ ಫಟ್ಟನೆ ಆರಿಹೋಗಿತ್ತು. ಪುಣ್ಯಕ್ಕೆ ಪಕ್ಕದ ಕಟಕಟೆ ಕೈಗೆ ಸಿಕ್ಕಿತ್ತು. ಆಕೆ ಅದನ್ನೇ ತಬ್ಬಿಕೊಂಡು, ಕತ್ತಲಲ್ಲೇ, ನಾಟಕ ಬರೆದವರು ಬರೆಯದ ಒಂದೆರಡು ಮಾತು ಆಡಿದ್ದಳಂತೆ.

“ಪೆಟ್ಟಾಯ್ತಾ?” ಎಂದಳು ಪುಟ್ಟಿ.

“ಇಲ್ಲ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ಸೆರಗಲ್ಲಿ ಟಾರ್ಚ್ ಕಟ್ಕೊಂಡು ಬರ್ತಾರಂತೆ. ನಾಳೆ ಮೊದಲ ಪ್ರದರ್ಶನ. ಬಾ, ಕೂತ್ಕೋ.”

ಪುಟ್ಟಿ ಅಕ್ಕನ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿದಳು. ಅವಳ ಭಾಷೆಯಲ್ಲಿ ಎಲ್ಲ ದೀಪಗಳೂ ಒಂದೇ ಅಚ್ಚಿನಿಂದ ಹುಟ್ಟುತ್ತಿದ್ದವು. ಅಚ್ಚಿನಲ್ಲಿದ್ದ ‘ನಂದು’ ಎಂಬ ಕ್ರಿಯೆ ದೀಪವನ್ನು ಒಮ್ಮೆಲೇ ಆರಿಸುವಂಥದು. ಜೊತೆಗೆ ಒಂದೊಂದು ದೀಪಕ್ಕೂ ತನ್ನದೇ ಜೇಬುಗಳಿದ್ದವು, ಫೀಲ್ಡ್ ಅನ್ನುತ್ತಿದ್ದರು ಅವಕ್ಕೆ. ಅಲ್ಲಿ ಏನನ್ನು ಬೇಕಾದರೂ ಇಡಬಹುದು, ಬೇರೊಂದು ಕ್ರಿಯೆಯನ್ನು ಕೂಡ. ಅಕ್ಕ ಅದನ್ನೇ ಮಾಡಿದ್ದಳು. ಮೆಟ್ಟಿಲದೀಪದ ಜೇಬಿಗೆ, ಅದೇ ‘ನಂದು’ ಎಂಬ ಹೆಸರಿನಲ್ಲಿ, ಮೆಲ್ಲಗೆ ಕರಗುವ ತನ್ನ ಸ್ವಂತ ಕ್ರಿಯೆಯನ್ನು ಇಟ್ಟಿದ್ದಳು.

“ಸರಿಯಾಗೇ ಬರ್ದಿದೀಯಲ್ಲ,” ಎಂದಳು ಪುಟ್ಟಿ, ಸ್ವಲ್ಪ ನಿರಾಸೆಯಿಂದಲೇ.

“ಗೊತ್ತು ನಂಗೆ. ಈಗ ನೋಡು.” ಅಕ್ಕ ಮೊದಲು ದೀಪದಿಂದ ‘ನಂದು’ವನ್ನು ಎತ್ತಿ ಬೇರೆ ಹೆಸರಲ್ಲಿ ಇಟ್ಟುಕೊಂಡು, ಆಮೇಲೆ ಓಡಿಸಿದಳು. ಗಾಜಿನಾಚೆ ಖಾಲಿ ಮೆಟ್ಟಿಲ ಮೇಲೆ ಬೆಳಕು ಹಾಲಿನ ಕೆನೆ ಜಾರಿದ ಹಾಗೆ ಜಾರಿ ಮರೆಯಾಯಿತು. “ನಿನ್ನೆ ನಾನು ಪರೀಕ್ಷೆ ಮಾಡಿದ್ದು ಹೀಗೆ. ನಾಟಕದಲ್ಲಿ ಬರ್ದಿರೋದು ಹೀಗೆ.” ಈಗ ಅವಳು ಎತ್ತಿಡುವ ಗೋಜಿಗೆ ಹೋಗದೆ ನೇರವಾಗಿ ‘ಮೆಟ್ಟಿಲದೀಪ.ನಂದು()’ ಎಂದು ಬರೆದಳು.

ಫಟ್. ಕತ್ತಲು.

“ಹಾಗಾಗೋಕೆ ಸಾಧ್ಯವೇ ಇಲ್ಲ,” ಎಂದಳು ಪುಟ್ಟಿ.

“ಆಯ್ತಲ್ಲ.”

“ಎರಡೂ ಒಂದೇ ಕಣೇ! ಎತ್ತಿಟ್ಕೊಂಡು ಕರೆದ್ರೂ ಒಂದೇ, ನಿಂತಲ್ಲೇ ಕರೆದ್ರೂ ಒಂದೇ.”

“ನಂಗ್ಯಾಕೆ ಹೇಳ್ತೀಯ, ದೀಪಕ್ಕೆ ಹೇಳು.”

ಪುಟ್ಟಿ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ಮುಖ ಕೆಂಪಾಗಿತ್ತು, ಆದರೆ ಅದು ಗಾಬರಿಯ ಕೆಂಪಲ್ಲ. ತನ್ನ ಮನೆಯೊಳಗೆ ಯಾವುದೋ ವಸ್ತು ಜಾಗ ತಪ್ಪಿದೆ ಎಂದು ತಿಳಿದವಳಿಗೆ ಹುಡುಕುವುದು ಎಲ್ಲಿ ಎನ್ನುವುದೂ ತಿಳಿದಿರುತ್ತದಲ್ಲ, ಹಾಗೆ ಅವಳ ಬೆರಳು ನೆಟ್ಟಗೆ ಇಂಟರ್‌ಪ್ರಿಟರಿನಲ್ಲಿ ಕ್ರಿಯೆಗಳನ್ನು ಕರೆಯುವ ಭಾಗಕ್ಕೆ ಹೋಯಿತು. ಹೆಸರು ಮಾತ್ರ ಕೇಳಿದಾಗ ಅದು ಮೊದಲು ದೀಪದ ಜೇಬು ನೋಡಿ, ಅಲ್ಲಿ ಸಿಗದಿದ್ದರೆ ಅಚ್ಚಿಗೆ ಹೋಗುತ್ತಿತ್ತು. ಸರಿಯಾಗೇ ಇತ್ತು. ಆದರೆ ಹೆಸರಿನ ಬೆನ್ನಿಗೇ ‘()’ ಎಂಬ ಕಂಸ ಕಂಡರೆ ಇನ್ನೊಂದು ದಾರಿ ಹಿಡಿಯುತ್ತಿತ್ತು. ವೇಗ ಹೆಚ್ಚಿಸಲೆಂದು ಮಾಡಿದ ಒಳದಾರಿ ಅದು. ಅಲ್ಲಿ ಜೇಬಿನ ಮಾತೇ ಇರಲಿಲ್ಲ. ಸೀದಾ ಅಚ್ಚಿಗೇ ಹಾರುತ್ತಿತ್ತು.

“ಗಡ್ಡ!” ಎಂದು ಹಲ್ಲು ಕಡಿದಳು ಪುಟ್ಟಿ. ಗಡ್ಡ ಎಂದರೆ ಆಫೀಸಿನ ಜೊತೆಗಾರ. ಒಳದಾರಿ ಅವನ ಕೈಚಳಕ. ಫೋನ್ ಹಚ್ಚಿ, ಅಕ್ಕನಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಎಲ್ಲ ಕೇಳಿಸಿಕೊಂಡ ಗಡ್ಡ ಗಂಟಲು ಸರಿಮಾಡಿಕೊಂಡ. “ಇದನ್ನ ಬಗ್ ಅಂತ ಯಾಕನ್ಬೇಕು ಮೇಡಂ? ಕೈಪಿಡೀಲಿ ಒಂದು ಸಾಲು ಸೇರಿಸೋಣ. ಫೀಲ್ಡಲ್ಲಿರೋ ಕ್ರಿಯೆನ ಮೊದಲು ಎತ್ತಿಟ್ಕೊಂಡು ಕರೀಬೇಕು ಅಂತ. ಒಳದಾರಿ ತೆಗೆದ್ರೆ ನಿಧಾನ ಆಗುತ್ತೆ.”

ಅಕ್ಕ ಮೂಗು ಮುರಿದಳು. “ಏನಪ್ಪಾ, ದೊಡ್ಡಮ್ಮ ಮೆಟ್ಟಿಲು ಇಳಿಯೋ ಮುಂಚೆ ನಾನು ಕೈಪಿಡಿ ತೆಗೀಬೇಕಾ? ನನ್ನ ದೀಪದ ಜೇಬಲ್ಲಿರೋ ‘ನಂದು’ ನಂದು. ಅದನ್ನ ಬಿಟ್ಟು ಊರೋರ ‘ನಂದು’ ಯಾಕೆ ತರ್ತೀರಿ?”

ಪುಟ್ಟಿಗೆ ನಗು ತಡೆಯಲಾಗಲಿಲ್ಲ.

“ಒಳದಾರಿ ಇರ್ಲಿ,” ಎಂದಳು. “ಆದ್ರೆ ಅದರ ಬಾಗಿಲಲ್ಲೇ ಜೇಬು ನೋಡಿ ಹೋಗ್ಬೇಕು. ಒಂದೇ ಹೆಸರಿಗೆ ಎರಡು ನ್ಯಾಯ ಇದ್ರೆ ಅದು ಭಾಷೆನೇ ಅಲ್ಲ.”

ತಿದ್ದುಪಡಿ ನಾಲ್ಕಾರು ಸಾಲಿನದು. ಬರೆದು ಓಡಿಸಿದಳು. ಎತ್ತಿಟ್ಟುಕೊಂಡು ಕರೆದರೂ ಬೆಳಕು ಕರಗಿತು, ನಿಂತಲ್ಲೇ ಕರೆದರೂ ಕರಗಿತು. ಜೇಬಿನಲ್ಲಿ ಏನೂ ಇಲ್ಲದ ಪಕ್ಕದ ದೀಪ ಮೊದಲಿನಂತೆಯೇ ಫಟ್ಟನೆ ಆರಿತು. ವೇಗ ಅಳೆದು ನೋಡಿದರೆ ವ್ಯತ್ಯಾಸ ಹುಡುಕಬೇಕಾದಷ್ಟು ಸಣ್ಣದು.

ಆದರೂ ಅವಳು ಅಲ್ಲಿಗೇ ಏಳಲಿಲ್ಲ. ಬೇರೆ ರಂಗಮಂದಿರಗಳು ಕಳಿಸಿಕೊಟ್ಟ ಪ್ರೋಗ್ರಾಮುಗಳು ಅವಳ ಬಳಿ ರಾಶಿ ಬಿದ್ದಿದ್ದವು. ಹಳೆಯ ವರ್ತನೆಯನ್ನೇ ನಂಬಿ ಯಾರಾದರೂ ಬರೆದಿದ್ದರೆ? ಆಫೀಸಿನ ಮಾದರಿಗಳನ್ನೂ ಸೇರಿಸಿ ಎಲ್ಲವನ್ನೂ ಓಡಿಸಿದಳು. ಕೆಟ್ಟು ನಿಂತದ್ದು ಒಂದೇ ಒಂದು. ತೆರೆದು ನೋಡಿದರೆ ಅದು ಹೊಸಬರಿಗೆ ತೋರಿಸಲೆಂದು ಗಡ್ಡನೇ ಬರೆದ ಮಾದರಿ! ದೀಪ ಆರಿದೆಯೋ ಇಲ್ಲವೋ ಎಂಬ ಗುರುತನ್ನು ಅವನೂ ‘ನಂದು’ ಎಂಬ ಜೇಬಿನಲ್ಲೇ ಇಟ್ಟುಬಿಟ್ಟಿದ್ದ. ಈಗ ಇಂಟರ್‌ಪ್ರಿಟರು ಆ ಗುರುತನ್ನು ಕ್ರಿಯೆಯೆಂದು ಕರೆಯಹೋಗಿ, ‘ಇದು ಕ್ರಿಯೆಯಲ್ಲ’ ಎಂದು ಸ್ಪಷ್ಟವಾಗಿ ದೂರು ಕೊಡುತ್ತಿತ್ತು.

“ಹೆಸರು ಬದಲಾಯಿಸ್ತೀನಿ ಬಿಡಿ,” ಎಂದ ಗಡ್ಡ ಫೋನಿನಲ್ಲಿ, ಮೆತ್ತಗಾಗಿ. ಆಮೇಲೆ, “ತಿದ್ದಿದ್ದನ್ನ ಎಲ್ಲರಿಗೂ ಕಳಿಸುವಾಗ ‘ಸಣ್ಣಪುಟ್ಟ ಸುಧಾರಣೆ’ ಅಂತ ಹಾಕಲಾ?”

“ಬೇಡ. ಕರೆಯೋದ್ರಲ್ಲಿ ತಪ್ಪಿತ್ತು, ಸರಿ ಮಾಡಿದೀವಿ ಅಂತ ಹಾಕು. ಏನು ತಪ್ಪು ಅನ್ನೋದನ್ನೂ ಬರಿ. ಅವರ ಮೆಟ್ಟಿಲ ಮೇಲೂ ಯಾರೋ ಇಳೀತಿರ್ತಾರೆ.”

ಅಷ್ಟರಲ್ಲಿ ಊಟ ಮುಗಿಸಿ ಬಂದ ದೊಡ್ಡಮ್ಮನಿಗೆ ಪುಟ್ಟಿ ಎಲ್ಲವನ್ನೂ ವಿವರಿಸಹೋದಳು. ಆಕೆ ಕೈಯೆತ್ತಿ ತಡೆದಳು. “ಅದೆಲ್ಲ ನನ್ನ ತಲೆಗೆ ಹತ್ತೋದಿಲ್ಲ ಮಗಳೇ. ಕಾಲಿಡ್ಲಾ ಬೇಡ್ವಾ, ಅಷ್ಟು ಹೇಳು.”

“ಇಡಿ. ಕೆಳಗಡೆ ನಾನೇ ನಿಂತಿರ್ತೀನಿ.”

ಮೆಟ್ಟಿಲ ಬುಡದಲ್ಲಿ ನಿಂತು ಪುಟ್ಟಿ ಮೇಲೆ ನೋಡಿದಳು. ತನ್ನ ಕೆಲಸದ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಎರಡು ಕೈಗಳೂ ತಾವಾಗಿಯೇ ಮುಂದೆ ಚಾಚಿಕೊಂಡಿದ್ದವು. ದೊಡ್ಡಮ್ಮ ಕಟಕಟೆ ಮುಟ್ಟದೆ ಇಳಿದಳು. ಅವಳ ಬೆನ್ನ ಹಿಂದೆ ಬೆಳಕು ಒಂದೊಂದೇ ಮೆಟ್ಟಿಲು ಬಿಟ್ಟುಕೊಡುತ್ತ, ಅವಸರವಿಲ್ಲದೆ ಹಿಂದೆ ಸರಿಯಿತು. ಕೊನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಮುಖದ ಮೇಲೆ ಒಂದಿಷ್ಟು ಮಾತ್ರ ಉಳಿದಿತ್ತು.

“ಮಾತು ಮರೆತೇಹೋಯ್ತು,” ಎಂದಳು ದೊಡ್ಡಮ್ಮ, ಅಷ್ಟೇ ಬೆಳಕಿನಲ್ಲಿ ನಿಂತು. “ಇನ್ನೊಂದ್ಸಲ ಮಾಡೋಣ. ಚೆನ್ನಾಗಿದೆ.”

ಕಂಟ್ರೋಲ್ ರೂಮಿನ ಗಾಜಿನಾಚೆಯಿಂದ ಅಕ್ಕ ಹೆಬ್ಬೆರಳು ಎತ್ತಿ ತೋರಿಸಿ, ಮತ್ತೆ ದೀಪ ಬೆಳಗಿಸಿದಳು.